ಮೂಲೆಮನೆಯ ದೀಪ

ಆ ದಿನ ಬೆಳಿಗ್ಗೆ ಬೀದಿಯ ಮೇಲೆ ಮಂಜು ಹಾಲು ಚೆಲ್ಲಿದ ಹಾಗೆ ಕವಿದಿತ್ತು. ಎದುರುಮನೆಯ ಗೇಟು ಕಾಣುತ್ತಿರಲಿಲ್ಲ. ಮೊದಲು ಗಂಟೆ ಕೇಳಿಸಿ, ಆಮೇಲೆ ಸೈಕಲ್ಲು ಹುಟ್ಟಿಕೊಂಡು, ನಾಲ್ಕು ಮಾರು ಹೋಗುವಷ್ಟರಲ್ಲಿ ಕರಗಿಬಿಡುತ್ತಿತ್ತು. ಭಗವಂತನಿಗೂ ಒಮ್ಮೊಮ್ಮೆ ತಮಾಷೆ ಮಾಡಬೇಕೆನಿಸುತ್ತದೋ ಏನೋ. ಬೀದಿಯ ಕ್ಷೇಮಾಭಿವೃದ್ಧಿ ಸಂಘದವರು ಮನೆಮನೆ ಅಲೆದು, ಜಗಳವಾಡಿ, ರಾಜಿಯಾಗಿ, ಅಂತೂ ಇಂತೂ ತಂದು ಹಾಕಿದ ಕ್ಯಾಮೆರಾ ಕಣ್ಣು ಬಿಟ್ಟದ್ದು ಅದೇ ದಿನ.

ಕ್ಯಾಮೆರಾ ಸಂಘದ ಅಧ್ಯಕ್ಷರ ಮನೆಯ ಗೋಡೆಯ ಮೇಲೆ, ಅದರ ಪರದೆ ಒಳಗೆ ಊಟದ ಕೋಣೆಯ ಫ್ರಿಜ್ಜಿನ ಮೇಲೆ ಕೂತಿತ್ತು. ಅಧ್ಯಕ್ಷರ ಹೆಂಡತಿ, ಆ ಮನೆಯ ಅಜ್ಜಿ, ಕನ್ನಡಕ ಒರೆಸಿ ನೋಡಿದಳು. ಪರದೆ ಒರೆಸಿ ನೋಡಿದಳು.

"ರೀ, ಬೀದಿನೇ ಇಲ್ಲ!"

"ಬೀದಿ ಎಲ್ಲಿಗೆ ಹೋಗುತ್ತೆ? ಅದು ಮಂಜು."

"ಮಂಜು ನೋಡೋಕೆ ಇಷ್ಟೆಲ್ಲ ಬೇಕಿತ್ತಾ? ಕಿಟಕಿ ತೆಗೆದಿದ್ರೆ ಪುಕ್ಕಟೆ ಕಾಣ್ತಿತ್ತು."

ಬ್ರೆಡ್ಡು ಅಗಿಯುತ್ತಿದ್ದ ಮೊಮ್ಮಗಳಿಗೆ ನಗು ತಡೆಯದೆ ಕೆಮ್ಮು ಬಂತು. ಸೊಸೆ ಅವಳ ಬೆನ್ನು ತಟ್ಟಿ, ತಾನೂ ಮುಖ ಆಚೆ ತಿರುಗಿಸಿಕೊಂಡಳು. ಅಧ್ಯಕ್ಷರು ಮಾತ್ರ ನಗಲಿಲ್ಲ. ಬಿಳಿಯ ಪರದೆಯ ಮುಂದೆ ಕೈಕಟ್ಟಿ ನಿಂತೇ ಇದ್ದರು.

ಅವರ ಬದುಕೇ ಹಾಗೆ ನಿಂತು ನೋಡಿದ ಬದುಕು. ನೂಲಿನ ಗಿರಣಿಯ ಟೈಮ್ ಆಫೀಸಿನಲ್ಲಿದ್ದವರು. ಗೇಟಿನ ಪಕ್ಕದ ಗೂಡಿನಲ್ಲಿ ಕೂತು, ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು ಎಂದು ನೋಡುವುದಷ್ಟೇ ಕೆಲಸ. ಬಸ್ಸು ಕೆಟ್ಟಿತ್ತೋ, ಮಗುವಿಗೆ ಜ್ವರವೋ, ಅದನ್ನು ಕೇಳುವವರು ಬೇರೆ ಇದ್ದರು. ನಿವೃತ್ತಿಯಾದ ಮೇಲೂ ಅಭ್ಯಾಸ ಹೋಗಲಿಲ್ಲ. ಬೀದಿಯವರು ಎದುರಿಗೆ 'ಅಧ್ಯಕ್ಷರೇ' ಎನ್ನುವರು, ಬೆನ್ನ ಹಿಂದೆ 'ಟೈಮಾಫೀಸು' ಎನ್ನುವರು. ಹಾಗೆಂದು ಕೆಟ್ಟವರಲ್ಲ. ಶಾಲೆಯ ತಿರುವಿನಲ್ಲಿ ರಸ್ತೆಗೆ ಉಬ್ಬು ಹಾಕಿಸಿದವರು ಅವರೇ. ಚರಂಡಿಗೆ ಕಲ್ಲುಚಪ್ಪಡಿ ಮುಚ್ಚಿಸಲು ಕಚೇರಿಯಿಂದ ಕಚೇರಿಗೆ ಅಲೆದವರೂ ಅವರೇ. ಬೀದಿಯಲ್ಲಿ ಒಂದು ಬೈಕು ಕಳುವಾಗಿ, ಒಬ್ಬ ಹೆಂಗಸಿನ ಕೈಚೀಲವನ್ನು ಯಾರೋ ಕಿತ್ತುಕೊಂಡು ಹೋದ ಮೇಲೆ, "ಕಣ್ಣು ಬೇಕು, ಬೀದಿಗೊಂದು ಕಣ್ಣು ಬೇಕು" ಎಂದು ಹಟ ಹಿಡಿದರು. ಕಣ್ಣೇನೋ ಬಂತು.

ಸಂಜೆಗೆ ಮಂಜು ಕರಗಿ ಬೀದಿ ವಾಪಸಾಯಿತು. ಆದರೆ ಹೊತ್ತು ಮುಳುಗಿದ ಕೂಡಲೇ ಪರದೆ ಕಪ್ಪಾಯಿತು.

"ನಮ್ಮ ಗೇಟಿನ ಮುಂದೆ ಬೆಳಕೇ ಇಲ್ವಲ್ಲಪ್ಪ, ಕ್ಯಾಮೆರಾ ತಾನೇ ಏನು ಮಾಡುತ್ತೆ?" ಎಂದ ಮಗ. ಅವನು ವೈರ್‌ಮನ್, ಬೀದಿಯ ಅರ್ಧ ಮನೆಗಳ ಸ್ವಿಚ್ಚುಗಳು ಅವನು ಹಾಕಿದವೇ.

"ಮೂಲೆಮನೆ ಗೋಡೆಗೆ ದೊಡ್ಡ ದೀಪ ಇದೆಯಲ್ಲ? ಅದನ್ನ ತಂದು ಇಲ್ಲಿ ಹಾಕು."

"ಅದು ಟೈಲರಮ್ಮಂದು."

"ಬೀದಿಗೇ ತಾನೇ ಉರಿಯೋದು? ಇಲ್ಲಿ ಉರಿದ್ರೇನು, ಅಲ್ಲಿ ಉರಿದ್ರೇನು? ಹೊಸದು ಬಂದ ತಕ್ಷಣ ವಾಪಸ್ ಹಾಕಿದ್ರಾಯ್ತು."

ಮೂಲೆಮನೆಯೆಂದರೆ ಬೀದಿ ತಿರುಗಿ ಓಣಿಯಾಗುವ ಕಡೆ ಇರುವ ಕೊನೆಯ ಮನೆ. ಗಂಡನಿಲ್ಲದ ಟೈಲರಮ್ಮ, ಅವಳ ಮಗಳು ಇಬ್ಬರೇ. ಮಗಳಿಗೆ ಬೇಕರಿಯಲ್ಲಿ ಕೆಲಸ. ಆ ದೀಪ ಮಗಳು ತನ್ನ ಮೊದಲ ಸಂಬಳದಲ್ಲಿ ಕೊಂಡದ್ದು. ಕತ್ತಲಲ್ಲಿ ಮನೆ ಸೇರಬೇಕಾದವಳು ತನ್ನ ದಾರಿಗೆ ತಾನೇ ಬೆಳಕು ಮಾಡಿಕೊಂಡಿದ್ದಳು. ಓಣಿಯವರೆಲ್ಲ ಅದರಲ್ಲೇ ಹಾದುಹೋಗುತ್ತಿದ್ದರು. ಕರೆಂಟಿನ ಬಿಲ್ಲು ಟೈಲರಮ್ಮನದು.

ಮಗ ಏಣಿ ಹೊತ್ತು ಹೋದ. "ಎರಡು ದಿನದ ಮಟ್ಟಿಗೆ ಅಕ್ಕಾ, ಸಂಘದ ಕೆಲಸ" ಎಂದ.

"ಸಂಘದ ಕೆಲಸ ಅಂದ್ರೆ ನಮ್ಮ ಕೆಲಸಾನೇ ಅಲ್ವೇನಪ್ಪ" ಎಂದು ಟೈಲರಮ್ಮ ತಾನೇ ಏಣಿ ಹಿಡಿದು ನಿಂತಳು.

ಎರಡು ದಿನ ಎರಡು ವಾರವಾಯಿತು. ಹೊಸ ದೀಪದ ಮಾತನ್ನು ಯಾರೂ ಎತ್ತಲಿಲ್ಲ. ಅಧ್ಯಕ್ಷರ ಗೇಟಿನ ಮುಂದೆ ಹಗಲಿನಂಥ ಬೆಳಕು. ಸಂಜೆಯಾದರೆ ಅವರು ಒಳಕೋಣೆಯಲ್ಲಿ ದೇವರ ಮುಂದೆ ಕೂತು, "ಎಲ್ಲರಿಗೂ ಬೆಳಕು ತೋರಿಸಪ್ಪಾ" ಎಂದು ಕಣ್ಣುಮುಚ್ಚಿ ಬೇಡಿಕೊಳ್ಳುವರು. ಬೇಡುವವರ ಗೇಟಿನಲ್ಲೇ ಇನ್ನೊಬ್ಬರ ದೀಪ ಉರಿಯುತ್ತಿತ್ತು. ದೇವರು ಏನೆಂದುಕೊಂಡನೋ.

ಗೇಟಿನ ದೀಪ ಯಾರದೆಂದು ಸೊಸೆಗೆ ತಿಳಿದಿರಲಿಲ್ಲ. ಅವಳಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಆ ತಿಂಗಳು ಎರಡನೇ ಪಾಳಿ. ಬ್ಲೀಚಿಂಗ್ ನೀರಿಗೆ ಬೆರಳ ತುದಿಗಳು ಬೆಳ್ಳಗೆ ಸುಲಿದಿರುತ್ತಿದ್ದವು. ಆಸ್ಪತ್ರೆಯ ಬಸ್ಸು ಅವಳನ್ನು ಬೀದಿಯ ಮೇಲ್ತುದಿಯಲ್ಲಿ ಇಳಿಸುವುದು, ಮೂಲೆಮನೆ ಕೆಳತುದಿಯಲ್ಲಿರುವುದು. ಅವಳು ಬಂದು ಕೈತೊಳೆದು, ಅತ್ತೆ ಮಾಡಿಟ್ಟ ಅನ್ನ ಬೇಳೆ ಬಿಸಿ ಮಾಡಿ ಬಡಿಸುವ ಹೊತ್ತಿಗೆ ಅಜ್ಜಿಯ ವರದಿ ಶುರುವಾಗುತ್ತಿತ್ತು. ಅಜ್ಜಿಗೆ ಟಿ.ವಿ. ಧಾರಾವಾಹಿಗಳು ಸಪ್ಪೆಯಾಗಿ ಎಷ್ಟೋ ದಿನವಾಗಿತ್ತು.

"ಇವತ್ತು ಏನಾಯ್ತು ಗೊತ್ತಾ? ಎದುರುಮನೆಯೋಳು ಕಸ ತಂದು ಪಕ್ಕದಮನೆ ಮುಂದೆ ಹಾಕಿದ್ಲು. ಪಕ್ಕದಮನೆಯೋಳು ಬಂದು ಅದನ್ನೇ ಎತ್ತಿ ಅವಳ ಗೇಟಿಗೇ ಹಾಕಿದ್ಲು!"

"ಅಜ್ಜಿ, ಕಸಕ್ಕೂ ಸುರಕ್ಷೆ ಬೇಕಲ್ವಾ, ಅದೂ ಮನೆ ಸೇರ್ಬೇಕು" ಎಂದಳು ಮೊಮ್ಮಗಳು.

"ಊಟದ ಹೊತ್ತಲ್ಲಿ ಊರ ಉಸಾಬರಿ ಯಾಕತ್ತೆ?" ಎಂದಳು ಸೊಸೆ.

"ಇದು ಉಸಾಬರಿ ಅಲ್ಲಮ್ಮ, ಜವಾಬ್ದಾರಿ" ಎಂದರು ಅಧ್ಯಕ್ಷರು. ಹೆಂಡತಿಯತ್ತ ತಿರುಗಿ, "ಆ ಬೇಕರಿ ಹುಡುಗಿ?" ಎಂದು ಕೇಳಿದರು.

"ಬಂದ್ಲು. ಬೇಕರಿ ವ್ಯಾನಿಂದ ಇಳಿದು ನಮ್ಮ ಗೇಟಿನ ಹತ್ರಾನೇ ನಿಂತ್ಲು. ಆ ಡ್ರೈವರೂ ನಿಂತಿದ್ದ."

"ಎಷ್ಟು ಹೊತ್ತಿಗೆ?"

"ನೀವು ದೇವರ ಮುಂದೆ ಕೂರೋಕೆ ಎದ್ದಿರಲ್ಲ, ಆಗ. ಆಮೇಲೆ ಏನಾಯ್ತು ಅಂದ್ರೆ—"

"ಸಾಕು. ಅನ್ನ ಆರೋಗುತ್ತೆ, ಉಣ್ಣು."

ದಿನವೂ ಅಷ್ಟೇ. ವರದಿ ಅಲ್ಲಿಗೆ ಬಂದಾಗ ಅವರು 'ಸಾಕು' ಎನ್ನುವರು. ಆಮೇಲೆ ಏನಾಯಿತೆಂದು ಕೇಳುವುದು ಟೈಮ್ ಆಫೀಸಿನ ಕೆಲಸವಾಗಿರಲಿಲ್ಲವಲ್ಲ.

ಒಂದು ಭಾನುವಾರ ಸಂಘದ ಸಭೆ ಅವರ ಮನೆಯಲ್ಲೇ ಸೇರಿತು. ಮೆಡಿಕಲ್ ಶಾಪಿನವರು ಸಂಘದ ಕಾರ್ಯದರ್ಶಿ. ಅವರನ್ನು ಬೀದಿಯವರು 'ಮಾತ್ರೆ ಸಾಹುಕಾರ' ಎನ್ನುವರು. ಜೊತೆಗೆ ಇನ್ನು ನಾಲ್ಕಾರು ಗಂಡಸರು. ಸೊಸೆ ಚಹಾದ ಟ್ರೇ ಹಿಡಿದು ಬರುವಾಗ ಎಲ್ಲರೂ ಫ್ರಿಜ್ಜಿನ ಕಡೆ ಕತ್ತು ಎತ್ತಿ ಕೂತಿದ್ದರು. ಪರದೆಯ ಮೇಲೆ, ದೀಪದ ಬೆಳಕಿನಲ್ಲಿ, ಟೈಲರಮ್ಮನ ಮಗಳು ಚೀಲ ಅವುಚಿಕೊಂಡು ನಿಂತಿದ್ದಳು. ಪಕ್ಕದಲ್ಲಿ ವ್ಯಾನು. ಒಬ್ಬ ಗಂಡಸಿನ ಬೆನ್ನು.

"ಮಾತು ಕೇಳ್ಸಲ್ವಾ?" ಎಂದು ಒಬ್ಬರು ಕೇಳಿದರು.

"ಇಲ್ಲ, ಚಿತ್ರ ಮಾತ್ರ."

"ಮಾತು ಯಾಕೆ ಬೇಕು? ಕಾಣ್ತಾ ಇದೆಯಲ್ಲ" ಎಂದರು ಮಾತ್ರೆ ಸಾಹುಕಾರರು.

ಸೊಸೆ ಟ್ರೇ ಹಿಡಿದೇ ಕೇಳಿದಳು: "ಏನು ಕಾಣ್ತಾ ಇದೆ?"

ಎಲ್ಲರೂ ಚಹಾದ ಟ್ರೇಯತ್ತ ನೋಡಿದರು.

"ಕೇಳಿದ್ದಕ್ಕೆ ಹೇಳಿ. ಒಬ್ಬಳು ನಿಂತಿದಾಳೆ. ಒಬ್ಬ ನಿಂತಿದಾನೆ. ಬೈಕು ಕದ್ರಾ? ಯಾರದಾದ್ರೂ ಚೀಲ ಕಿತ್ಕೊಂಡ್ರಾ?"

"ನೋಡಮ್ಮ, ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ…" ಎಂದು ಸಾಹುಕಾರರು ರಾಗ ಎಳೆದರು. "ಬೀದಿಗೆ ಒಂದು ಮರ್ಯಾದೆ ಅಂತ ಇರುತ್ತೆ. ಹೆಣ್ಣುಮಕ್ಕಳ ಒಳ್ಳೇದಕ್ಕೇ ನಾವು ಹೇಳೋದು."

"ನಿಮ್ಮ ಅಂಗಡಿ ಮುಂದೆ ದಿನಾ ಸಂಜೆ ಹತ್ತು ಜನ ಗಂಡಸರು ನಿಂತಿರ್ತಾರೆ. ಅವರ ಒಳ್ಳೇದಕ್ಕೆ ಯಾವಾಗ ಹೇಳ್ತೀರಿ?"

"ಒಳಗೆ ಹೋಗಮ್ಮ" ಎಂದರು ಅಧ್ಯಕ್ಷರು.

ಅವಳು ಒಳಗೆ ಹೋದಳು. ಟ್ರೇಯೂ ಅವಳ ಜೊತೆಗೇ ಹೋಯಿತು. ಆ ದಿನ ಸಭೆ ಒಣಗಂಟಲಲ್ಲೇ ಮುಗಿಯಿತು. ತೀರ್ಮಾನ ಮಾತ್ರ ಆಗಿಯೇ ಹೋಯಿತು: ಅಧ್ಯಕ್ಷರು ಖುದ್ದಾಗಿ ಹೋಗಿ ಟೈಲರಮ್ಮನಿಗೆ ಬುದ್ಧಿಮಾತು ಹೇಳತಕ್ಕದ್ದು.

ಅವರು ಹೋದದ್ದು ಮಾರನೆಯ ದಿನ ಮಧ್ಯಾಹ್ನ. ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರದೋ ಕೋಟಿನ ತೋಳು ಜೋಡಿಸುತ್ತಿದ್ದಳು. ಅವರು ಹೇಳಿ ಮುಗಿಸುವವರೆಗೂ ಮಾತಾಡಲು ಬಾಯಿ ಇರಲಿಲ್ಲ. ಆಮೇಲೆ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

"ನಿಮಗೆ ಇದನ್ನ ಯಾರು ಹೇಳಿದ್ರು?"

"ಯಾರೂ ಹೇಳ್ಬೇಕಾಗಿಲ್ಲ. ಕ್ಯಾಮೆರಾದಲ್ಲಿ ಕಾಣುತ್ತೆ."

"ಅವಳು ಅಲ್ಲಿ ಯಾಕೆ ನಿಲ್ತಾಳೆ ಅಂದ್ರೆ ಅಧ್ಯಕ್ಷರೇ, ಆ ದೀಪ—"

"ದೀಪದ ವಿಷಯ ಆಮೇಲೆ ಮಾತಾಡೋಣ. ಮೊದಲು ಮಗಳ ವಿಷಯ. ಜನ ಒಂದು ಥರ ಮಾತಾಡ್ತಾರೆ. ನಾನು ನಿಮ್ಮ ಹಿತಕ್ಕೇ ಹೇಳ್ತಾ ಇರೋದು."

ಟೈಲರಮ್ಮ ಸೂಜಿಗಳನ್ನು ಮತ್ತೆ ಬಾಯಿಗೆ ಕಚ್ಚಿಕೊಂಡಳು. ಅವರು ಹೋದ ಮೇಲೆ ಮಿಶಿನ್ನು ತುಳಿಯಲು ಕೂತಳು. ದಾರ ಪದೇ ಪದೇ ತುಂಡಾಯಿತು. ಮಾರನೆಯ ಬೆಳಿಗ್ಗೆಯಿಂದ ಬೇಕರಿ ಹುಡುಗಿ ಕೆಲಸಕ್ಕೆ ಹೋಗಲಿಲ್ಲ.

ಸೊಸೆಗೆ ಇದು ಗೊತ್ತಾದದ್ದು ಅವಳ ರಜೆಯ ದಿನ, ಮಗಳ ಶಾಲೆಯ ಸ್ಕರ್ಟಿನ ಅಂಚು ಬಿಚ್ಚಿಸಲು ಮೂಲೆಮನೆಗೆ ಹೋದಾಗ. ಹುಡುಗಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕುವ ರಭಸಕ್ಕೆ ಪಾತ್ರೆ ಸವೆದುಹೋಗುವಂತಿತ್ತು.

"ಏನೇ, ಇವತ್ತು ಹೋಗ್ಲಿಲ್ವಾ?"

"ನಿಮ್ಮ ಮಾವನ್ನ ಕೇಳಿ ಅಕ್ಕಾ. ನಾನು ಯಾವಾಗ ಎಲ್ಲಿ ನಿಲ್ತೀನಿ, ಅವರಿಗೇ ಚೆನ್ನಾಗಿ ಗೊತ್ತು."

ಆಮೇಲೆ ಎಲ್ಲ ಹೊರಗೆ ಬಂತು. ದೀಪ ಹೋದ ಮೇಲೆ ಮೂಲೆ ಗವಿಯಂತಾಗಿತ್ತು. ತಿರುವಿನಲ್ಲಿ ಚರಂಡಿಯ ಒಂದು ಚಪ್ಪಡಿ ಇಲ್ಲ. ಪಾಳುಗೋಡೆಯ ಹಿಂದೆ ಒಂದು ಸಂಜೆ ಯಾರೋ ಶಿಳ್ಳೆ ಹೊಡೆದಿದ್ದರು. ಓಣಿಯೊಳಗೆ ವ್ಯಾನು ತಿರುಗುವುದಿಲ್ಲ. ಅದಕ್ಕೇ ಡ್ರೈವರು ಅವಳನ್ನು ಬೀದಿಯಲ್ಲಿ ಬೆಳಕಿದ್ದ ಒಂದೇ ಜಾಗದಲ್ಲಿ, ಅಧ್ಯಕ್ಷರ ಗೇಟಿನ ಮುಂದೆ, ಇಳಿಸುತ್ತಿದ್ದ. ಅಮ್ಮ ಟಾರ್ಚು ಹಿಡಿದು ಬರುವವರೆಗೂ ನಿಂತಿರುತ್ತಿದ್ದ. ಅಷ್ಟೇ.

"ನನ್ನ ದೀಪ ಅಕ್ಕಾ ಅದು! ನನ್ನ ದೀಪದ ಕೆಳಗೆ ನಾನು ನಿಂತಿದ್ದಕ್ಕೆ ನನಗೆ ಹೆಸರು ಇಟ್ರು. ಅವನು ನನ್ನ ಜೊತೆ ಕೆಲಸ ಮಾಡೋನು. ಅದಕ್ಕಿಂತ ಜಾಸ್ತಿ ಇದ್ರೂ ಇವರಿಗೇನು ಕಷ್ಟ? ಯಾಕೆ ನಿಂತಿದೀಯಮ್ಮಾ ಅಂತ ಒಬ್ಬರಾದ್ರೂ ಗೇಟು ತೆಗೆದು ಕೇಳಿದ್ರಾ?"

"ಕೆಲಸದ ಕಥೆ?"

"ಒಲೆ ನೋಡ್ಕೊಳ್ಳೋ ಕೆಲಸ ಈ ತಿಂಗಳು ನನಗೆ ಕೊಡ್ತೀನಿ ಅಂದಿದ್ರು. ಇಷ್ಟು ವರ್ಷ ತಟ್ಟೆ ತೊಳೆದು, ಹಿಟ್ಟು ನಾದಿ… ಈಗ ಅಮ್ಮ ಹೋಗ್ಬೇಡ ಅಂತಾಳೆ."

"ನಾನು ಇನ್ನೇನು ಹೇಳ್ಲಿ?" ಟೈಲರಮ್ಮ ಕತ್ತರಿ ಕೆಳಗಿಟ್ಟಳು. "ಕತ್ತಲಲ್ಲಿ ಬಾ ಅನ್ಲಾ? ಬೆಳಕಲ್ಲಿ ನಿಂತು ಮಾತು ಕೇಳು ಅನ್ಲಾ?"

ಸೊಸೆ ಸ್ಕರ್ಟನ್ನು ಅಲ್ಲೇ ಬಿಟ್ಟು ನೆಟ್ಟಗೆ ಬೇಕರಿಗೆ ನಡೆದಳು. ಬೇಕರಿಯ ಮಾಲೀಕರು ಒಳ್ಳೆಯವರೇ. ಆದರೆ ಒಲೆ ಯಾರಿಗೂ ಕಾಯುವುದಿಲ್ಲ. "ಭಾನುವಾರದವರೆಗೆ ನೋಡ್ತೀನಿ ತಾಯಿ. ಸೋಮವಾರ ಬರ್ಲಿಲ್ಲ ಅಂದ್ರೆ ಬೇರೆಯವರನ್ನ ಹಾಕ್ತೀನಿ" ಎಂದರು.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಬಡಿಸಲಿಲ್ಲ. ಪಾತ್ರೆಗಳನ್ನು ನಡುವೆ ಇಟ್ಟು ಎದುರಿಗೆ ಕೂತಳು.

"ಮಾವ, ಟೈಲರಮ್ಮನ ದೀಪ ಯಾವಾಗ ವಾಪಸ್ ಕೊಡ್ತೀರಿ?"

"ಹೊಸದು ಬಂದಾಗ."

"ಹೊಸದು ಯಾರು ತರ್ತಾರೆ?"

"ಸಂಘದಲ್ಲಿ ತೀರ್ಮಾನ ಆಗ್ಬೇಕು."

"ಕೀಳೋವಾಗ ತೀರ್ಮಾನ ಆಗಿತ್ತಾ? ನಿಮ್ಮ ಕ್ಯಾಮೆರಾಕ್ಕೆ ಕಣ್ಣು ಕಾಣ್ಲಿ ಅಂತ ಅವರ ಕಣ್ಣು ಕಿತ್ರಿ. ಆಮೇಲೆ ಬೆಳಕು ಹುಡುಕ್ಕೊಂಡು ಬಂದೋಳಿಗೆ ಮಾನ ಇಲ್ಲ ಅಂದ್ರಿ. ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ ಮಾವ!"

"ನಾನು ಬೀದಿಗೋಸ್ಕರ ಹಗಲೂ ರಾತ್ರಿ—"

"ಬೀದಿ ಅಂದ್ರೆ ಯಾರು? ಸಾಹುಕಾರರ ಅಂಗಡೀನಾ? ಆ ಹುಡುಗಿ ಬೀದಿ ಅಲ್ವಾ?"

"ಧ್ವನಿ ತಗ್ಗಿಸು. ಇದು ನನ್ನ ಮನೆ."

"ಅಪ್ಪಾ…" ಎಂದು ಮಗ ಬಾಯಿ ಹಾಕಿದ.

"ನೀನು ಸುಮ್ನಿರು!" ಗಂಡನನ್ನೂ ಬಿಡಲಿಲ್ಲ ಅವಳು. "ಏಣಿ ಹತ್ತಿದೋನು ನೀನೇ. ಎರಡು ದಿನ ಅಂತ ನಾಲಿಗೆ ಹೊರಳಿಸಿದೋನೂ ನೀನೇ. ಅವಳು ನಿಂಗೆ ಏಣಿ ಹಿಡಿದಿದ್ಲು!"

ಮಗ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದ. ತುತ್ತು ಬಾಯಿಗೆ ಹೋಗಲಿಲ್ಲ.

ಆಗ ಅಜ್ಜಿ ಮೆಲ್ಲಗೆ ಹೇಳಿದಳು: "ಟೈಲರಮ್ಮ ಟಾರ್ಚು ಹಿಡ್ಕೊಂಡು ಬರೋದು ನಾನು ದಿನಾ ನೋಡ್ತಿದ್ದೆ."

ಎಲ್ಲರೂ ಅವಳತ್ತ ತಿರುಗಿದರು.

"ದಿನಾ ಬರ್ತಾಳೆ. ಆ ಡ್ರೈವರು ವ್ಯಾನಿನ ಆ ಕಡೆ ನಿಂತಿರ್ತಾನೆ, ಇವಳು ದೀಪದ ಈ ಕಡೆ. ಅಮ್ಮ ಬಂದ ಕೂಡ್ಲೇ ಅವನು ತಲೆಬಾಗಿಸಿ ಹೋಗ್ತಾನೆ. ತಾಯಿ ಮಗಳು ಕೈ ಕೈ ಹಿಡ್ಕೊಂಡು ಕತ್ತಲೊಳಗೆ ಹೋಗ್ತಾರೆ."

"ಇದನ್ನ ಯಾಕೆ ಹೇಳ್ಲಿಲ್ಲ ನೀನು?" ಎಂದರು ಅಧ್ಯಕ್ಷರು.

"ಹೇಳೋಕೆ ಬಿಟ್ರಾ ನೀವು? ಅಲ್ಲಿಗೆ ಬರೋ ಹೊತ್ತಿಗೆ ಸಾಕು ಅಂತೀರಿ. ನಿಮ್ಮ ಗಿರಣೀಲಿ ಜನ ಬರೋದಷ್ಟೇ, ಹೋಗೋದೇ ಇಲ್ವೇನೋ ಅಂದ್ಕೊಂಡೆ."

ಅಧ್ಯಕ್ಷರು ಎದ್ದು ಕೈ ತೊಳೆದುಕೊಂಡರು. "ಮೂಲೆ ಅಷ್ಟೇನೂ ಕತ್ತಲಿಲ್ಲ. ಎಲ್ಲ ದೊಡ್ಡದು ಮಾಡ್ತೀರಿ" ಎಂದರು, ಬೆನ್ನು ತಿರುಗಿಸಿಕೊಂಡೇ.

"ಹಾಗಿದ್ರೆ ಒಂದು ಸಂಜೆ ನಡೆದು ಹೋಗಿ ಬನ್ನಿ ಮಾವ. ಟಾರ್ಚು ಇಲ್ಲದೆ."

ಮರುದಿನ ಬೆಳಿಗ್ಗೆ ಅವಳು ಮನೆಯ ಜೋಡಿಹಾಸಿಗೆಯ ಹೊದಿಕೆಗಳನ್ನೆಲ್ಲ ನೆನೆಸಿ ಒಗೆದಳು. ಕ್ಯಾಮೆರಾ ಇದ್ದದ್ದು ಮನೆಯ ಗೋಡೆಯ ಮೇಲೆ. ಅಂಗಳದಾಚೆ ಗೇಟನ್ನೂ ಬೀದಿಯನ್ನೂ ನೋಡುತ್ತಿತ್ತು. ಅಂಗಳದ ಹಗ್ಗ ಸರಿಯಾಗಿ ಅದರ ಮುಂದೆಯೇ ಹಾದಿತ್ತು. ಅವಳು ಹೊದಿಕೆಗಳನ್ನು ಅಂಚಿಗೆ ಅಂಚು ಸೇರಿಸಿ ಹರವಿದಳು. ಪರದೆಯ ಮೇಲೆ ದೊಡ್ಡ ದೊಡ್ಡ ಹೂಗಳು ಅರಳಿದವು.

"ಅಯ್ಯೋ ನನ್ನ ಬೀದಿ!" ಎಂದಳು ಅಜ್ಜಿ. ಮರುಕ್ಷಣ, "ಇರ್ಲಿ ಬಿಡು, ಹೂವು ಚೆನ್ನಾಗಿದೆ" ಎಂದಳು.

ಮಾತ್ರೆ ಸಾಹುಕಾರರು ಬಂದು ಕೇಳಿದರು. "ಒಣಗ್ಬೇಕಲ್ಲ ಸಾರ್, ಒದ್ದೆ ಹೊದ್ಕೊಂಡು ಮಲಗೋಕಾಗುತ್ತಾ?" ಎಂದಳು ಸೊಸೆ. ಆ ವಾರವಿಡೀ ಅವಳ ಹೊದಿಕೆಗಳು ಒಣಗಲೇ ಇಲ್ಲ. ಸಂಜೆ ಒಂದಿಷ್ಟು ನೀರು ಚಿಮುಕಿಸುವ ಕೆಲಸ ಮೊಮ್ಮಗಳದು.

ಅಧ್ಯಕ್ಷರು ಯಾರೊಡನೆಯೂ ಮಾತಾಡದೆ ಎರಡು ದಿನ ತಳ್ಳಿದರು. ಆಮೇಲೆ ಒಂದು ಸಂಜೆ, ದೇವರ ಮುಂದೆ ಕೂರುವ ಹೊತ್ತಿಗೆ, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಟಾರ್ಚು ತೆಗೆದುಕೊಳ್ಳಲಿಲ್ಲ. ಸೊಸೆಯ ಮಾತು ಸುಳ್ಳು ಮಾಡಬೇಕೆಂಬ ಛಲ.

ತಮ್ಮ ಗೇಟಿನ ಬೆಳಕು ಬೆನ್ನ ಹಿಂದೆ ಇದ್ದಷ್ಟು ದೂರ ನಡಿಗೆ ಗಟ್ಟಿಯಾಗಿತ್ತು. ಬೆಳಕಿನಿಂದ ಬಂದ ಕಣ್ಣಿಗೆ ಮೂಲೆಯ ಕತ್ತಲು ಇನ್ನೂ ದಟ್ಟವಾಗಿ ಕಂಡಿತು. ಗೋಡೆ ಮುಟ್ಟಿಕೊಂಡು ಹೆಜ್ಜೆ ಹಾಕಿದರು. ಕಾಲ ಕೆಳಗೆ ಚಪ್ಪಡಿ ಮುಗಿದು, ಹೆಬ್ಬೆರಳು ಬರೀ ಗಾಳಿಗೆ ತಾಕಿತು. ಎಲ್ಲಿಂದಲೋ ನಾಯಿ ಬೊಗಳಿತು. ಆಸರೆಗೆ ಕೈ ಚಾಚಿದಾಗ ಸಿಕ್ಕಿದ್ದು ಟೈಲರಮ್ಮನ ಬಾಗಿಲು. ಅದು ದಡಾರೆಂದು ಸದ್ದು ಮಾಡಿತು.

"ಯಾರದು?" ಒಳಗಿಂದ ಟೈಲರಮ್ಮನ ಧ್ವನಿ.

"ನಾನು."

"ನಾನು ಅಂದ್ರೆ ಯಾರು? ಎಲ್ಲರೂ ನಾನೇ!"

ಜೀವಮಾನವಿಡೀ ಗೇಟಿನಲ್ಲಿ ಕೂತು ಸಾವಿರ ಜನರನ್ನು 'ಯಾರು' ಎಂದು ಕೇಳಿದ್ದವರಿಗೆ ಅಧ್ಯಕ್ಷ ಎನ್ನಲು ನಾಲಿಗೆ ಬರಲಿಲ್ಲ. ಅಷ್ಟರಲ್ಲಿ ಎದುರಿನ ಕಿಟಕಿಯಿಂದ ಒಬ್ಬಳು ಕೂಗಿದಳು: "ಟೈಲರಮ್ಮಾ, ಬಾಗಿಲು ತೆಗೀಬೇಡಿ! ಯಾವನೋ ನಿಂತಿದಾನೆ!" ಟಾರ್ಚಿನ ಬೆಳಕು ಬಂದು ಅವರ ಮುಖಕ್ಕೆ ಹೊಡೆಯಿತು.

"ಅಯ್ಯೋ! ಅಧ್ಯಕ್ಷರಾ?"

ಬಾಗಿಲು ಅರ್ಧ ತೆರೆಯಿತು. ಟೈಲರಮ್ಮನ ಕೈಯಲ್ಲಿ ಕತ್ತರಿ ಇತ್ತು, ಹಿಂದೆ ಮಗಳು. "ಏನು ಬೇಕಿತ್ತು ಅಧ್ಯಕ್ಷರೇ?" ಎಂದಳು ಹುಡುಗಿ. ಮೊನ್ನೆಮೊನ್ನೆಯವರೆಗೂ ತಾತ ಎನ್ನುತ್ತಿದ್ದವಳು.

"ಏನಿಲ್ಲ… ಸುಮ್ಮನೆ ನೋಡೋಕೆ ಬಂದೆ."

ಅದಕ್ಕಿಂತ ಕೆಟ್ಟ ಉತ್ತರ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಮಾರನೆಯ ಮಧ್ಯಾಹ್ನದ ಹೊತ್ತಿಗೆ ಮಾತು ಬೀದಿಯ ಈ ತುದಿಯಿಂದ ಆ ತುದಿ ಮುಟ್ಟಿತ್ತು. ನಲ್ಲಿಯ ಹತ್ತಿರ ಒಬ್ಬಳು, "ಟೈಮಾಫೀಸು ಈಗ ರಾತ್ರಿ ಪಾಳೀನಾ?" ಎಂದಳಂತೆ. ಸಂಜೆ ಮಾತ್ರೆ ಸಾಹುಕಾರರು ಅಧ್ಯಕ್ಷರನ್ನು ಅಂಗಡಿಯ ಪಕ್ಕಕ್ಕೆ ಕರೆದು, ಧ್ವನಿ ತಗ್ಗಿಸಿ ಹೇಳಿದರು: "ನೋಡಿ, ಕತ್ತಲಾದ ಮೇಲೆ ಆ ಕಡೆ ಹೋಗ್ಬೇಡಿ. ಗಂಡಸಿಲ್ಲದ ಮನೆ. ಜನ ಒಂದು ಥರ ಮಾತಾಡ್ತಾರೆ. ನಾನು ನಿಮ್ಮ ಹಿತಕ್ಕೇ ಹೇಳ್ತಾ ಇರೋದು."

ಅವರು ಮನೆಗೆ ಬಂದಾಗ ಮುಖ ಕೆಂಡದಂತಿತ್ತು. ತಟ್ಟೆಯ ಮುಂದೆ ಕೂತವರು ಚಮಚ ಎತ್ತಿ ಕುಕ್ಕಿದರು.

"ಎಂಥ ಜನ ಇವರು! ಕಣ್ಣಿಗೆ ಕಂಡಿದ್ದೇ ಸತ್ಯವಾ? ಯಾಕೆ ಹೋಗಿದ್ರಿ ಸ್ವಾಮಿ ಅಂತ ಒಬ್ಬನಾದ್ರೂ ಬಾಯಿ ಬಿಟ್ಟು ಕೇಳ್ಬಾರ್ದಾ?"

ಮೊಮ್ಮಗಳು ಸಹ ತಲೆ ತಗ್ಗಿಸಿಕೊಂಡಳು. ಸೊಸೆ ಅನ್ನದ ಪಾತ್ರೆ ಹಿಡಿದು ಬಂದು ಮಾವನ ತಟ್ಟೆಗೆ ಬಡಿಸಿದಳು. ಆ ಜಗಳದ ಮೇಲೆ ಬಡಿಸಿದ್ದು ಇದೇ ಮೊದಲು.

"ಆ ಹುಡುಗೀನೂ ಇದೇ ಮಾತು ಕೇಳಿದ್ಲು ಮಾವ."

ಅಧ್ಯಕ್ಷರ ಕೈ ತಟ್ಟೆಯ ಮೇಲೆಯೇ ನಿಂತಿತು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಿದ್ರು ನಮ್ಮಮ್ಮ" ಎಂದಳು ಅಜ್ಜಿ, ಯಾರಿಗೂ ಅಲ್ಲವೆಂಬಂತೆ, ಬಟಾಣಿ ಆರಿಸಿ ತಟ್ಟೆಯಂಚಿಗೆ ಇಡುತ್ತಾ. "ಅವಳ ಕಾಲದಲ್ಲಿ ಕ್ಯಾಮೆರಾ ಇರ್ಲಿಲ್ಲ, ಪಾಪ."

ಅಂದು ಅವರು ದೇವರ ಮುಂದೆ ಬಹಳ ಹೊತ್ತು ಕೂತಿದ್ದರು. ಎಂದಿನ ಬೇಡಿಕೆ ಬಾಯಿಗೆ ಬಂದಂತೆ ಕಾಣಲಿಲ್ಲ. ಬೇಡುವುದಕ್ಕೂ ಮುಖ ಬೇಕಷ್ಟೆ.

ಭಾನುವಾರ ಬೆಳಿಗ್ಗೆ ಮಗ ಚಹಾ ಕುಡಿಯುತ್ತಿದ್ದಾಗ ಅಪ್ಪ ಬಂದು ನಿಂತರು.

"ಏಣಿ ಎಲ್ಲಿದೆ?"

"ಯಾಕಪ್ಪ?"

"ಯಾಕೆ ಅಂತ ಗೊತ್ತಿಲ್ವಾ ನಿಂಗೆ?"

ಮಗ ಕಪ್ಪನ್ನು ಅಲ್ಲೇ ಬಿಟ್ಟು ಎದ್ದ. ಅವನು ಹತ್ತಿದ, ಅಪ್ಪ ಏಣಿ ಹಿಡಿದು ನಿಂತರು. ದೀಪ ಕೆಳಗಿಳಿಯಿತು. ಅದರ ಗಾಜಿನ ಮೇಲೆ ಹುಳುಗಳ ರೆಕ್ಕೆ, ಧೂಳು ಅಂಟಿತ್ತು. ಅವರು ಟವೆಲ್ಲಿನಿಂದ ಒರೆಸಿದರು. ಸೊಸೆ ಒದ್ದೆ ಬಟ್ಟೆ ತಂದುಕೊಟ್ಟಳು, ಮತ್ತೆ ಒರೆಸಿದರು. ಆಮೇಲೆ ಅವಳು ಅಂಗಳಕ್ಕೆ ಹೋಗಿ, ಅಷ್ಟು ದಿನದಿಂದ ಒಣಗದಿದ್ದ ಹೊದಿಕೆಗಳನ್ನು ಮಡಚಿ ತೆಗೆದಳು.

ಸಂಘದ ಕ್ಯಾಮೆರಾ ಆ ದಿನ ನೋಡಿದ್ದು ಇಷ್ಟು: ಅಧ್ಯಕ್ಷರು ದೀಪವನ್ನು ಮಗುವಿನ ಹಾಗೆ ಎದೆಗವುಚಿಕೊಂಡು ಗೇಟು ದಾಟಿದರು, ಹಿಂದೆ ಮಗ ಏಣಿ ಹೊತ್ತು ನಡೆದ. ಮೆಡಿಕಲ್ ಶಾಪಿನ ಷಟರ್ ಎತ್ತುತ್ತಿದ್ದ ಸಾಹುಕಾರರು ಬಗ್ಗಿದವರು ಹಾಗೆಯೇ ನಿಂತರು.

"ಇದೇನು ಅಧ್ಯಕ್ಷರೇ? ರಾತ್ರಿ ಕ್ಯಾಮೆರಾಕ್ಕೆ ಕತ್ತಲಾಗುತ್ತಲ್ಲ?"

"ಆಗ್ಲಿ."

"ಅಂದ್ರೆ, ಸಂಘದ ತೀರ್ಮಾನ…"

"ಮುಂದಿನ ಸಭೇಲಿ ತೀರ್ಮಾನ ಮಾಡೋಣ. ಆ ಹುಡುಗಿ ವಿಷಯದಲ್ಲಿ ನಾವು ಆಡಿದ್ದು ತಪ್ಪು ಅಂತ ನಾನೇ ಮೊದಲು ಹೇಳ್ತೀನಿ. ನೀವು ಎರಡನೆಯವರಾಗಿ ಹೇಳ್ತೀರಿ."

"ನಾನ್ಯಾಕೆ?"

"ನೀವೂ ನೋಡಿದ್ರಲ್ಲ, ಅದಕ್ಕೆ."

ಸಾಹುಕಾರರ ಕೈಯಿಂದ ಷಟರ್ ಸರಕ್ಕನೆ ಅರ್ಧಕ್ಕೆ ಜಾರಿತು.

ಮೂಲೆಮನೆಯ ಬಾಗಿಲು ತೆರೆದಿತ್ತು. ಟೈಲರಮ್ಮ ಮಿಶಿನ್ನಿನ ಮುಂದಿನಿಂದ ಎದ್ದಳು. ಮಾತು ಬರಲೆಂದು ಕಾದಂತೆ ಒಂದು ಕ್ಷಣ ನಿಂತಳು. ಅವರು ಗಂಟಲು ಕೆರೆದುಕೊಂಡರು, ಅಷ್ಟೇ. ದೀಪಕ್ಕೆ ಕೈ ಚಾಚಿದವಳನ್ನು ದಾಟಿ ಅವರು ಇನ್ನೊಂದು ಹೆಜ್ಜೆ ಒಳಗಿಟ್ಟರು. ಅಲ್ಲಿ ಮಗಳು ಬೇಕರಿಯ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ದೀಪ ಬರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಂಗಿ ಮಾತ್ರ ಸೋಮವಾರಕ್ಕೆ ಸಿದ್ಧವಾಗುತ್ತಿತ್ತು.

ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಅಂಗೈಗಳನ್ನು ಬಟ್ಟೆಗೆ ಒರೆಸಿಕೊಂಡಳು. ಮುದುಕರು ಎರಡೂ ಕೈಯಿಂದ ದೀಪ ಮುಂದೆ ಹಿಡಿದರು. ಅವಳು ಗಾಜನ್ನು ಆ ಕಡೆ ಈ ಕಡೆ ತಿರುಗಿಸಿ, ಬಿರುಕು ಬಿಟ್ಟಿಲ್ಲವೆಂದು ನೋಡಿಕೊಂಡು, ಇಸಿದುಕೊಂಡಳು.